ಅಮಸಿದ್ದಪ್ಪನ ಆಣೆ ಮತ್ತು ಕೆಂಪು ಕಾರು

ಲೋಕಾಪುರದಲ್ಲಿ ಬಾಗಲಕೋಟೆ ರಸ್ತೆಯ ಮೇಲೆ ನನ್ನದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಎದುರಿಗೆ ಒಂದು ತಗಡಿನ ಶೆಡ್ಡು ಬೀಗ ಹಾಕಿಕೊಂಡು ನಿಂತಿದೆ. ಅದು ಅಮಸಿದ್ದಪ್ಪ ಮಿಸ್ತ್ರಿಯ ಗ್ಯಾರೇಜು. ಯಾಕೆ ಬಂದಾಯಿತು ಎಂದು ಹೊಸ ಗಿರಾಕಿಗಳು ಕೇಳಿದರೆ ನಾನು ಬೇರೆ ಮಾತು ತೆಗೆಯುತ್ತೇನೆ. ಅದು ಬಂದಾಗುವುದರಲ್ಲಿ ನನ್ನದೂ ಪಾಲಿದೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ.

ಅಮಸಿದ್ದಪ್ಪ ಬೀಳಗಿ ತಾಲೂಕಿನವನು. ಕೃಷ್ಣೆಯ ದಂಡೆಯ ಮೇಲೆ ಅವನ ಊರಿತ್ತು. ಕುರುಬರ ಮನೆ, ಬೀರಪ್ಪ ದೇವರ ಒಕ್ಕಲು. ಅವನಪ್ಪ ಕುರಿ ಕಾಯುತ್ತಿದ್ದ. ಹಟ್ಟಿಯಲ್ಲಿ ನೂರು ಕುರಿಯಿದ್ದರೂ ಕೆಮ್ಮಿದ್ದು ಯಾವುದು ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದನಂತೆ. ಆ ಕಿವಿ ಮಗನಿಗೆ ಬಂತು, ಆದರೆ ಕುರಿಯ ಕೆಲಸಕ್ಕೆ ಬರಲಿಲ್ಲ. ಹೊಳೆಯ ದಂಡೆಗೆ ಸಾಲಾಗಿ ಕೂತ ಡೀಸೆಲ್ ಪಂಪುಗಳಲ್ಲಿ ಯಾವುದರ ಉಸಿರು ಕಟ್ಟಿದೆ ಎಂದು ಅಮಸಿದ್ದಪ್ಪ ಹೊಲದ ಬದುವಿನ ಮೇಲೆ ನಿಂತೇ ಹೇಳುತ್ತಿದ್ದ. ಹಾಗೇ ಮಿಸ್ತ್ರಿಯಾದ. ಯಾವ ಶಾಲೆಯೂ ಅವನಿಗೆ ಎಂಜಿನ್ ಕಲಿಸಲಿಲ್ಲ.

ಅಣೆಕಟ್ಟಿನ ಹಿನ್ನೀರು ಏರಿ ಊರು ಮುಳುಗಿದ ವರ್ಷ ಜನ ಮನೆಯ ಬಾಗಿಲು, ತೊಲೆ ಕಿತ್ತುಕೊಂಡು ಹೊರಟರು. ಅಮಸಿದ್ದಪ್ಪ ಮಾತ್ರ ಮೊಣಕಾಲು ನೀರಿನಲ್ಲಿ ನಿಂತು ಎಂಜಿನ್ನು ಕಿತ್ತ. ಬಿಟ್ಟು ಹೋದವರದ್ದನ್ನೂ ಕಿತ್ತು, ಎತ್ತಿನ ಗಾಡಿಯಲ್ಲಿ ಹೇರಿ ಲೋಕಾಪುರಕ್ಕೆ ತಂದ. ನನ್ನ ಅಂಗಡಿಯ ಎದುರು ಅವುಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೇ ಚಾಲೂ ಮಾಡಿ ನೋಡಿದ. "ಊರ ಹೋದ್ರೂ ಇವು ಸತ್ತಿಲ್ಲ ನೋಡಲೇ ಬಾಳ್ಯಾ" ಎಂದು ನನಗೆ ಹೇಳಿದ. ನಮ್ಮ ಗೆಳೆತನ ಅವತ್ತಿನದು.

ಆಮೇಲೆ ಹತ್ತು ವರ್ಷ ಅವನದೇ ಕಾಲ. ಪೆಟ್ರೋಲ್ ಕುಡಿದು ಮಾಲೀಕರನ್ನು ಹೈರಾಣ ಮಾಡುತ್ತಿದ್ದ ಜೀಪುಗಳು ಅವನಲ್ಲಿಗೆ ಬರುತ್ತಿದ್ದವು. ಗುಜರಿಯಿಂದ ಒಳ್ಳೆಯ ಹಳೆಯ ಡೀಸೆಲ್ ಎಂಜಿನ್ ಹುಡುಕಿ ಕೂರಿಸಿ ಕಳಿಸುತ್ತಿದ್ದ. ಜಮಖಂಡಿ, ಸಾವಳಗಿ, ಬನಹಟ್ಟಿಯ ರಸ್ತೆಗಳಲ್ಲಿ ಅವನು ಎಂಜಿನ್ ಬದಲಿಸಿದ ಜೀಪುಗಳು ಮಂದಿಯನ್ನು ಟಾಪಿನ ಮೇಲೂ ಕೂರಿಸಿಕೊಂಡು ಓಡಿದವು. ನಾನು ಅವನನ್ನು "ಡಾಕ್ಟರ" ಎಂದು ಕಾಡಿಸುತ್ತಿದ್ದೆ. ಒಳಗೊಳಗೆ ಖುಷಿಪಡುತ್ತಿದ್ದ. ಹಳೆಯ ಎಂಜಿನ್ನಿಗೆ ಯಾವ ಮೈ ಕೊಟ್ಟರೂ ಬದುಕುತ್ತದೆ ಎಂಬುದು ಅವನಿಗೆ ಬೀರಪ್ಪನಷ್ಟೇ ಖರೆ.

ಆಮೇಲೆ ಹೊಸ ಕಾರುಗಳು ಬಂದವು. ಅವುಗಳಿಗೆ ರೋಗ ಬಂದರೆ ಕಂಪನಿಯ ಷೋರೂಮಿಗೆ ಹೋಗುತ್ತಿದ್ದವು. ಅಲ್ಲಿ ಲ್ಯಾಪ್‌ಟಾಪ್ ಹಚ್ಚಿ ನೋಡುತ್ತಿದ್ದರು. ಅಂಥ ಒಂದು ಷೋರೂಮಿನಲ್ಲಿ, ಬಾಗಲಕೋಟೆಯಲ್ಲಿ, ಅಮಸಿದ್ದಪ್ಪನ ಮಗ ಸಂಜು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ. ಒಬ್ಬನೇ ಮಗ. ದಿನಾ ಬೆಳಿಗ್ಗೆ ಬೈಕಿನ ಮೇಲೆ ಹೋಗಿ ಸಂಜೆ ಬರುತ್ತಿದ್ದ. ಅಪ್ಪನ ಅಂಗಳ ಖಾಲಿಯಾಗುತ್ತ ಬಂತು. ಮುಂಜಾನೆ ಶೆಡ್ಡಿನ ಕದ ತೆಗೆದು, ಒರೆಸಿದ ನಟ್ಟು ಬಿಚ್ಚುವ ಪಾನಾಗಳನ್ನೇ ಮತ್ತೆ ಒರೆಸಿಕೊಂಡು ಅಮಸಿದ್ದಪ್ಪ ಕೂರುತ್ತಿದ್ದ.

ಎರಡು ಸಾವಿರದ ಹದಿಮೂರರ ಬೇಸಿಗೆಯಲ್ಲಿ ಶಶಿಕಾಂತ ಬಂದ. ಮುಧೋಳದ ಹುಡುಗ, ಇಪ್ಪತ್ತಾರರ ವಯಸ್ಸು. ತೀರಿಕೊಂಡ ಅಪ್ಪ ಕಬ್ಬಿನ ಲಾರಿಗಳನ್ನು ಬಿಟ್ಟು ಹೋಗಿದ್ದ. ಪುಣೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದಿದ್ದ. ಎರಡೇ ಬಾಗಿಲು, ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ನಮ್ಮ ರಸ್ತೆಗಳಲ್ಲಿ ಅಂಥದ್ದನ್ನು ಓಡಿಸುವ ಬುದ್ಧಿ ಯಾರು ಕೊಟ್ಟರೋ. ಸಮೀರವಾಡಿಯ ಹತ್ತಿರ ರಸ್ತೆ ಉಬ್ಬಿಗೆ ತಾಗಿ ಅದರ ಆಯಿಲ್ ಚೇಂಬರ್ ಒಡೆದಿತ್ತು. ಆಯಿಲ್ ಸೋರಿದ್ದು ತಿಳಿಯದೆ ಇವನು ಹಾಗೇ ಓಡಿಸಿದ. ಎಂಜಿನ್ ಒಳಗೇ ಹಿಡಿದುಕೊಂಡು ಸತ್ತಿತು. ಹೊಸ ಎಂಜಿನ್ನಿಗೆ ಪುಣೆಯವರು ಹೇಳಿದ ಬೆಲೆ ಕೇಳಿ ಹುಡುಗ ಸೋತು ಅಮಸಿದ್ದಪ್ಪನ ಶೆಡ್ಡಿಗೆ ಕಾರನ್ನು ಎಳೆಸಿಕೊಂಡು ಬಂದಿದ್ದ.

"ಹಳೇದು ಯಾವುದರ ಒಂದು ಎಂಜಿನ್ ಕೂಡಸ್ರಿ ಕಾಕಾ. ಒಟ್ಟ ಓಡಬೇಕು" ಎಂದ.

ಅವತ್ತು ಭಾನುವಾರ, ಸಂಜುವೂ ಇದ್ದ. ಬಾನೆಟ್ಟಿನೊಳಗೆ ಹಣಕಿ ನೋಡಿ ತಲೆ ಅಲ್ಲಾಡಿಸಿದ. "ಅಪ್ಪಾ, ಇದರಾಗ ಅರ್ಥ ಇಲ್ಲ. ಇದು ಜೀಪ್ ಅಲ್ಲ. ಇದರ ಸ್ಟೇರಿಂಗ್, ಬ್ರೇಕ್ ಎಲ್ಲಾ ಕಂಪ್ಯೂಟರಿನ ಕೈಯಾಗ ಅದಾವು. ಅದು ಹೊತ್ತೊತ್ತಿಗೆ ಎಂಜಿನ್ನ ಮಾತಾಡಸ್ತೈತಿ. ನೀ ತಂದು ಇಡೂ ಎಂಜಿನ್ ಏನ್ ಉತ್ತರಾ ಕೊಡ್ತೈತಿ?"

ಸಂಜು ಹೇಳಿದ್ದು ಸರಿಯಾಗೇ ಇತ್ತು. ಹೊಸ ಗಾಡಿಯೆಂದರೆ ಕೂಡು ಕುಟುಂಬ. ಒಬ್ಬರನ್ನೊಬ್ಬರು ಕೇಳದೆ ಸಾರಿಗೆ ಉಪ್ಪು ಹಾಕುವುದಿಲ್ಲ. ಅಂಥ ಮನೆಗೆ ಕಿವಿ ಕೇಳದ ಮುದುಕನನ್ನು ಯಜಮಾನ ಮಾಡಿದರೆ ಮನೆ ನಡೆಯುತ್ತದೆಯೇ? ಆದರೆ ಸಂಜು ಅದನ್ನು ಗಿರಾಕಿಯ ಮುಂದೆ ಹೇಳಬಾರದಿತ್ತು. ಮೇಲಾಗಿ "ನಿನ್ನ ಕಾಲ ಮುಗೀತು ಅಪ್ಪಾ, ಸುಮ್ಮಿರು" ಎಂದುಬಿಟ್ಟ.

ಅಮಸಿದ್ದಪ್ಪನ ಮುಖ ಕಪ್ಪಿಟ್ಟಿತು. ಶೆಡ್ಡಿನ ಗೂಡಿನಲ್ಲಿ ಬೀರಪ್ಪನ ಭಂಡಾರದ ಡಬ್ಬಿ ಇತ್ತು. ಅದು ಬರೀ ಅರಿಶಿನ ಪುಡಿಯೆಂದು ಹೊರಗಿನವರು ಅಂದುಕೊಳ್ಳಬಹುದು. ಅದನ್ನು ಮುಟ್ಟಿ ಆಡಿದ ಮಾತನ್ನು ಆ ಮಂದಿ ತಿರುಗಿಸುವುದಿಲ್ಲ. ಹೊಲದ ತಂಟೆ, ಹೆಣ್ಣಿನ ಮಾತುಕತೆ ಎಷ್ಟೋ ಅದರ ಮೇಲೆ ತೀರಿವೆ. ಅಮಸಿದ್ದಪ್ಪ ಡಬ್ಬಿಗೆ ಕೈಹಾಕಿ ಮುಷ್ಟಿ ತುಂಬ ಭಂಡಾರ ಹಿಡಿದ.

"ಬೀರಪ್ಪನ ಭಂಡಾರ ಮುಟ್ಟಿ ಹೇಳಾಕತ್ತೇನಿ. ಕಾರಹುಣ್ಣಿವಿ ಮುಂದಿನ ಅಮಾಸಿಗೆ ಈ ಗಾಡಿ ಹಳೇ ಎಂಜಿನ್ ಮ್ಯಾಲ ಈ ಹುಡುಗನ ಕೈಯಾಗ ಈ ಬಾಗಲಾ ದಾಟ್ತೈತಿ. ದಾಟಲಿಲ್ಲಂದ್ರ ನನ್ನ ಕುಡಿ ಮ್ಯಾಲ ಬರ್ಲಿ."

ಮುಷ್ಟಿ ಬಿಚ್ಚಿದಾಗ ಭಂಡಾರ ಹಾರಿ ಸಂಜುವಿನ ಬಿಳಿ ಅಂಗಿಯ ಮೇಲೆ ಬಿತ್ತು. ಚಹಾ ತಂದಿದ್ದ ಸಂಜುವಿನ ಅವ್ವ ಮಾಯವ್ವ ಬಾಗಿಲಲ್ಲೇ ನಿಂತುಬಿಟ್ಟಳು. ತುಂಬಿದ ಕಪ್ಪುಗಳನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದಳು. ಸಂಜು ಅಂಗಿ ಜಾಡಿಸಿಕೊಂಡು ನಕ್ಕ. ನಾನು ತಡೆಯಲಿಲ್ಲ. ತಡೆಯದೆ ಬಿಟ್ಟದ್ದಷ್ಟೇ ಅಲ್ಲ, ಮರುವಾರ ಮೀರಜಿನ ಗುಜರಿಯಿಂದ ಎಂಜಿನ್ ಹುಡುಕಿ ತಂದುಕೊಟ್ಟವನೂ ನಾನೇ.

ಅದು ಹಳೆಯ ಕಾಲದ ಪೆಟ್ರೋಲ್ ಎಂಜಿನ್ನು, ಬರೀ ಬೀಡು ಕಬ್ಬಿಣ. ಚೈನ್ ಪುಲ್ಲಿಗೆ ಕಟ್ಟಿ ಎತ್ತಲು ನಾಲ್ಕು ಮಂದಿ ಬೇಕಾದರು. ಅಮಸಿದ್ದಪ್ಪ ಹೊಸ ಪಟ್ಟಿ ವೆಲ್ಡ್ ಮಾಡಿ, ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಲೇತಿನಲ್ಲಿ ಕಡೆಸಿದ ಕಬ್ಬಿಣದ ತಾಟು ಹಾಕಿ ಕೂರಿಸಿದ. ನಲವತ್ತು ದಿನ ಅವನು ಮನುಷ್ಯನ ಹಾಗೆ ಉಂಡದ್ದು ನಾನು ನೋಡಲಿಲ್ಲ. ಆದರೆ ಅದು ಚಾಲೂ ಆದ ದಿನ ನಾನು ಅಂಗಡಿ ಬಿಟ್ಟು ಓಡಿಹೋದೆ. ಅಷ್ಟು ತುಂಬಿದ ದನಿಯ ಎಂಜಿನ್ನನ್ನು ನಾನು ಕೇಳಿರಲಿಲ್ಲ. ಅಮಸಿದ್ದಪ್ಪ ಬಾನೆಟ್ಟಿಗೆ ಕಿವಿಯಿಟ್ಟು ಕಣ್ಣು ಮುಚ್ಚಿಕೊಂಡಿದ್ದ. ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಕೆಂಪು, ಹಳದಿ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡಿದ್ದವು.

ಆ ದೀಪ ಆರಿಸಲು ಅವನು ತಂತಿಗೆ ತಂತಿ ಜೋಡಿಸಿದ. ಎಂಜಿನ್ ಕಂಪ್ಯೂಟರಿಗೆ ಕಳಿಸಬೇಕಾದ ಸುದ್ದಿಯನ್ನು ಸುಳ್ಳು ಸುಳ್ಳೇ ಕಳಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ಬೆಳಗಾವಿಯಿಂದ ತರಿಸಿದ. ದೀಪಗಳು ಆರಿದವು, ಬಿಗಿಯಾಗಿದ್ದ ಸ್ಟೇರಿಂಗ್ ಹಗುರಾಯಿತು. ನಾವು ಗೆದ್ದೆವು ಅಂದುಕೊಂಡೆವು.

ಆ ವಾರ ಶಶಿಕಾಂತನ ಅವ್ವ ಸುಂದರವ್ವ ಮಗನ ಜೊತೆ ಬಂದಿದ್ದಳು. ಮಗ ಶೆಡ್ಡಿನಲ್ಲಿ ಕಾರು ನೋಡುತ್ತಿದ್ದಾಗ ಆಕೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಅಮಸಿದ್ದಪ್ಪ ಬಂದು ನಮಸ್ಕಾರ ಮಾಡಿದ. "ಒಬ್ಬಾಂವ ಅದಾನ್ರಿ ನನಗ. ಗಾಡಿ ಸಾವಕಾಶ ಓಡೂವಂಗ ಮಾಡಿಕೊಡ್ರಿ" ಎಂದಳು. ಅಮಸಿದ್ದಪ್ಪ "ಆತ್ರಿ ಯವ್ವಾ" ಎಂದ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಅಮಸಿದ್ದಪ್ಪ ಮತ್ತು ನಾನು ಕಾರನ್ನು ಮುಧೋಳ ರಸ್ತೆಗೆ ಇಳಿಸಿದೆವು. ನಡುಮಧ್ಯಾಹ್ನ, ರಸ್ತೆ ಖಾಲಿ. ಎರಡು ಮೈಲು ಚೆನ್ನಾಗಿ ಓಡಿತು. ಒಂದು ತಿರುವಿನಲ್ಲಿ, ಎದುರಿಗೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಬರುತ್ತಿತ್ತು. ಅಮಸಿದ್ದಪ್ಪ ಸ್ಟೇರಿಂಗ್ ತಿರುಗಿಸಿದ. ಅದು ತಿರುಗಲಿಲ್ಲ. ದೀಪಗಳೆಲ್ಲ ಒಮ್ಮೆಗೇ ಹತ್ತಿದವು. ಬೀಡಿನ ಭಾರಕ್ಕೆ ಮೂತಿ ನೆಟ್ಟಗೆ ಹೊರಟಿತು. ಬ್ರೇಕು ಒತ್ತಿದರೆ ಗಾಲಿಗಳು ಕಟ್ಟಿಹೋಗಿ ಕಾರು ಜಾರತೊಡಗಿತು. ಅಮಸಿದ್ದಪ್ಪ ಎರಡೂ ಕೈಯಿಂದ ಜಗ್ಗಿ ಹೇಗೋ ಎಡಕ್ಕೆ ತಂದ. ನಾವು ಕಬ್ಬಿನ ಹೊಲದೊಳಗೆ ನುಗ್ಗಿ ನಿಂತೆವು.

ನಮಗೂ ಏನೂ ಆಗಲಿಲ್ಲ, ಕಾರಿಗೂ ಏನೂ ಆಗಲಿಲ್ಲ. ಅಮಸಿದ್ದಪ್ಪ ಇಳಿದು ಬದುವಿನ ಮೇಲೆ ಕೂತ.

"ರಿಪೇರಿ ಆಗ್ತೈತೇನಲೇ?" ಎಂದು ನಾನು ಕೇಳಿದೆ.

"ಇಲ್ಲ. ಸಂಜ್ಯಾ ಹೇಳಿದ್ದ ಖರೆ ಐತಿ. ಈಗ ಇಪ್ಪತ್ತು ಸರ್ತಿ ಛಲೋ ತಿರಗತೈತಿ. ಇಪ್ಪತ್ತೊಂದನೇ ಸರ್ತಿ ಆ ಹುಡುಗ ಸಾಯ್ತಾನ."

"ಹಂಗಾರ ಕೊಡಬ್ಯಾಡ."

"ಕೊಡಲಿಲ್ಲಂದ್ರ?" ಎಂದು ನನ್ನ ಮುಖ ನೋಡಿದ. ನನಗೆ ಭಂಡಾರ ಬಿದ್ದ ಬಿಳಿ ಅಂಗಿ ನೆನಪಾಯಿತು. ನಾನು ಬೀರಪ್ಪನ ಒಕ್ಕಲಲ್ಲ, ಆದರೂ ಆ ಹೊತ್ತಿನಲ್ಲಿ ನನಗೂ ಆ ಆಣೆಯ ಭಯ ಹತ್ತಿತು.

ಮಾಯವ್ವನಿಗೆ ಅವನು ಎಲ್ಲ ಹೇಳಿದ. ಮರುದಿನ ಆಕೆ ನನ್ನ ಅಂಗಡಿಗೆ ಬಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಗಾಡಿ ಬಾಗಲಾ ದಾಟಿದ್ರ ಸಾಕು ಅನ್ರಿ ಬಾಳಣ್ಣಾ. ಮುಂದ ಏನ್ ಆಗತೈತೋ ಅವರ ದೈವ. ನನ್ನ ಮಗನ್ನ ಉಳಸ್ರಿ." ಆಕೆಯನ್ನು ಕೆಟ್ಟವಳೆನ್ನಬೇಡಿ. ಅದೇ ಮಾತು ನನ್ನ ಮನಸ್ಸಿನಲ್ಲೂ ಇತ್ತು. ಆಕೆ ಬಾಯಿಬಿಟ್ಟು ಆಡಿದಳು, ಅಷ್ಟೇ ವ್ಯತ್ಯಾಸ.

ಅಮಾವಾಸ್ಯೆಯ ಬೆಳಿಗ್ಗೆ ಶಶಿಕಾಂತ ಬಂದ. ತೆಂಗಿನಕಾಯಿ, ನಿಂಬೆಹಣ್ಣು ತಂದಿದ್ದ. ಅಮಸಿದ್ದಪ್ಪ ಅವನನ್ನು ಪಕ್ಕಕ್ಕೆ ಕರೆದು ಆದದ್ದನ್ನೆಲ್ಲ ಹೇಳಿದ. ಹುಡುಗ ಕೇಳಿ ನಕ್ಕ. "ಕಾಕಾ, ನಿಮಗ ಜೀಪ್ ಹೊಡದು ರೂಢಿ. ಇದರ ಕೈ ಬ್ಯಾರೆ. ಕೀಲಿ ಕೊಡ್ರಿ." ಕೀಲಿ ಕೊಡುವುದಿಲ್ಲ ಎಂದರೆ ಕಿಸೆಯಿಂದ ಇನ್ನೊಂದು ಕೀಲಿ ತೆಗೆದು ತೋರಿಸಿದ. "ಗಾಡಿ ನಂದು, ಜೀವಾನೂ ನಂದು."

ಗಾಡಿಯ ತಳ ರಿಪೇರಿ ಮಾಡಲು ಶೆಡ್ಡಿನಲ್ಲಿ ತೋಡಿದ ಗುಂಡಿಯ ಮೇಲೆ ಕಾರು ನಿಂತಿತ್ತು. ಅಮಸಿದ್ದಪ್ಪ ಬಗ್ಗಿ ಅದರ ತಳ ನೋಡಿದ. ಆಮೇಲೆ "ಆತು ತಮ್ಮಾ. ಒಯ್ಯೂ ಮೊದಲ ಒಮ್ಮೆ ತಳದ ನಟ್ಟು ನೋಡತೇನಿ. ಲೇ ಬಾಳ್ಯಾ, ಒಳಗ ಕುಂಡ್ರು. ಚಾಲೂ ಮಾಡಿ ರೇಸ್ ಕೊಡು" ಎಂದ. ಪಾನಾ ಹಿಡಿದು ಗುಂಡಿಗೆ ಇಳಿದ.

ನಾನು ರೇಸ್ ಕೊಟ್ಟೆ. ಆ ತುಂಬಿದ ದನಿ ಶೆಡ್ಡನ್ನೆಲ್ಲ ತುಂಬಿತು. ಶಶಿಕಾಂತ ಮೊಬೈಲು ಹಿಡಿದು ಚಿತ್ರ ತೆಗೆದುಕೊಳ್ಳುತ್ತಿದ್ದ. ಮಾಯವ್ವ ಬಾಗಿಲಲ್ಲಿ ನಿಂತು ಕಾರಿಗೆ ಕೈ ಮುಗಿಯುತ್ತಿದ್ದಳು. ಒಂದೆರಡು ನಿಮಿಷದಲ್ಲಿ ಆಯಿಲ್ ಕಡಿಮೆಯಾದರೆ ಹತ್ತಲೆಂದು ಅಮಸಿದ್ದಪ್ಪ ಹೊಸದಾಗಿ ಹಚ್ಚಿದ್ದ ದೀಪ ಕೆಂಪಗೆ ಹತ್ತಿತು. ಗುಂಡಿಯಲ್ಲಿ ಆಯಿಲ್ ಬೀಳುವ ಸದ್ದು ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ಆದರೆ ನನಗೆ ಅರ್ಥವಾಯಿತು. ಆಯಿಲ್ ಚೇಂಬರಿನ ಕೆಳಗಿನ ನಟ್ಟನ್ನು ಅಮಸಿದ್ದಪ್ಪ ಬಿಚ್ಚಿಬಿಟ್ಟಿದ್ದ. ನಾನು ಆಕ್ಸಿಲರೇಟರಿನಿಂದ ಕಾಲು ಎತ್ತಿದ್ದರೆ ಎಂಜಿನ್ ಉಳಿಯುತ್ತಿತ್ತು, ಕಾರು ಬಾಗಿಲು ದಾಟುತ್ತಿತ್ತು, ಸಂಜುವಿನ ಮೇಲಿನ ಆಣೆಯೂ ಇಳಿಯುತ್ತಿತ್ತು. ಸುಂದರವ್ವ ನನ್ನ ಸ್ಟೂಲಿನ ಮೇಲೆ ಕೂತದ್ದು ಕಣ್ಣ ಮುಂದೆ ಬಂತು. ನಾನು ಕಾಲು ಇನ್ನಷ್ಟು ಒತ್ತಿದೆ.

ಎಂಜಿನ್ ಮೊದಲು ಕಟಕಟ ಎಂದಿತು. ಆಮೇಲೆ ನರಳಿತು. ಕೊನೆಗೆ ಕಾರನ್ನೆಲ್ಲ ಒಮ್ಮೆ ಅಲ್ಲಾಡಿಸಿ ನಿಂತುಬಿಟ್ಟಿತು.

ಅಮಸಿದ್ದಪ್ಪ ಮೈಯೆಲ್ಲ ಕಪ್ಪು ಆಯಿಲ್ ಮಾಡಿಕೊಂಡು ಮೇಲೆ ಬಂದ. ಶಶಿಕಾಂತ ಅವನ ಕೊರಳಪಟ್ಟಿ ಹಿಡಿದು ಎರಡು ಬಿಗಿದ. ಅಮಸಿದ್ದಪ್ಪ ಕೈ ಎತ್ತಲಿಲ್ಲ. ಅವನ ಕಣ್ಣು ಮಾಯವ್ವನ ಮೇಲಿತ್ತು. ಆಕೆ ಗೂಡಿನಿಂದ ಭಂಡಾರದ ಡಬ್ಬಿ ಎತ್ತಿಕೊಂಡು ಮನೆಗೆ ಹೋದಳು. ಕಾರು ಮರುದಿನ ಲಾರಿಯ ಮೇಲೆ ಹೋಯಿತು. ಗಿರಾಕಿಯ ಗಾಡಿ ಬೇಕಂತಲೇ ಕೊಂದ ಎಂದು ಸುತ್ತಲಿನ ಊರಿಗೆಲ್ಲ ಸುದ್ದಿಯಾಗಿ ಶೆಡ್ಡಿಗೆ ಯಾರೂ ಬರದಂತಾಯಿತು. ಕಾಲು ಒತ್ತಿದವನ ಹೆಸರು ಆ ಸುದ್ದಿಯಲ್ಲಿ ಇರಲಿಲ್ಲ. ನನ್ನ ಅಂಗಡಿ ನಡೆಯುತ್ತಲೇ ಇದೆ.

ಬೀರಪ್ಪನ ಪೂಜಾರಿ ಗಿರಿಮಲ್ಲಪ್ಪ ತಪ್ಪುಕಾಣಿಕೆ ಹಾಕಿಸಿ, "ಒಂದ ಜೀವಾ ಉಳಸಾಕ ಆಣಿ ಮುರದಿ. ಬೀರಪ್ಪಗ ತಿಳೀತೈತಿ" ಎಂದ. ಅಮಸಿದ್ದಪ್ಪ ತಲೆ ಅಲ್ಲಾಡಿಸಿದ, ನಂಬಲಿಲ್ಲ. ಅಂದಿನಿಂದ ಪ್ರತಿ ಸಂಜೆ ಐದಕ್ಕೆ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಾಗಲಕೋಟೆಯ ಕಡೆ ಮುಖ ಮಾಡಿ ಕೂರುತ್ತಾನೆ. ನೂರು ಗಾಡಿಗಳ ನಡುವೆ ಸಂಜುವಿನ ಬೈಕಿನ ಸದ್ದು ಅವನಿಗೆ ಅರ್ಧ ಮೈಲು ದೂರದಿಂದಲೇ ಕೇಳುತ್ತದೆ. "ಬಂದ" ಎಂದು ಎದ್ದು, ಮಗ ಕಾಣುವ ಮೊದಲೇ ಮನೆಯ ದಾರಿ ಹಿಡಿಯುತ್ತಾನೆ. ಸಂಜುವಿಗೆ ಇದು ಗೊತ್ತಿಲ್ಲ. ಶಶಿಕಾಂತನಿಗೆ ಮದುವೆಯಾಗಿ ಮಗುವಾಗಿದೆ. ಬಿಳಿ ಜೀಪಿನಲ್ಲಿ ಈ ರಸ್ತೆಯಲ್ಲೇ ಓಡಾಡುತ್ತಾನೆ, ಮೆಟ್ಟಿಲ ಕಡೆ ನೋಡುವುದಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಅವನು ಬದುಕಿರುವುದಕ್ಕೆ ಸಮಾಧಾನವೂ ಆಗುತ್ತದೆ.

ಹೋದ ಶ್ರಾವಣದಲ್ಲಿ ಒಂದು ಸಂಜೆ ಆರಾಯಿತು, ಏಳಾಯಿತು, ಅಮಸಿದ್ದಪ್ಪ ಏಳಲಿಲ್ಲ. ನಾನು ಗಿರಾಕಿಯೊಬ್ಬನಿಗೆ ಬೆಲ್ಟು ಕಟ್ಟಿಕೊಟ್ಟು ತಿರುಗಿ ನೋಡುವಷ್ಟರಲ್ಲಿ ಮೆಟ್ಟಿಲು ಖಾಲಿ. ಮನೆಗೆ ಫೋನು ಮಾಡಿದರೆ ಸಂಜುವೇ ಎತ್ತಿದ. ಬೈಕು ಸರ್ವಿಸಿಗೆ ಬಿಟ್ಟು ನಾಲ್ಕರ ಬಸ್ಸಿಗೇ ಬಂದು ಮಲಗಿದ್ದನಂತೆ. ನಾನು ಸ್ಕೂಟರು ತೆಗೆದುಕೊಂಡು ಬಾಗಲಕೋಟೆ ರಸ್ತೆ ಹಿಡಿದೆ. ಎರಡು ಮೈಲಿನ ಆಚೆ ಅಮಸಿದ್ದಪ್ಪ ಸಿಕ್ಕ. ಚಪ್ಪಲಿ ಕೈಯಲ್ಲಿ ಹಿಡಿದು, ರಸ್ತೆ ಬದಿಯ ಪ್ರತಿಯೊಂದು ತಗ್ಗಿನಲ್ಲೂ ಹಣಕಿ ನೋಡುತ್ತ ನಡೆಯುತ್ತಿದ್ದ.

"ಸಂಜು ಮನ್ಯಾಗ ಅದಾನೋ ಮಾರಾಯಾ. ಬಸ್ಸಿಗೆ ಬಂದಾನ. ಉಣ್ಣಾಕ ಕುಂತಾನ" ಎಂದೆ.

ಅವನು ಕೈಯಲ್ಲಿದ್ದ ಚಪ್ಪಲಿ ಕೆಳಗೆ ಬಿಟ್ಟ.

"ನನಗ ಕೇಳಲಿಲ್ಲಲೋ ಬಾಳ್ಯಾ" ಎಂದು ಅಲ್ಲೇ ರಸ್ತೆಯ ಮೇಲೆ ಕೂತುಬಿಟ್ಟ. ನಾನು ಸ್ಕೂಟರು ನಿಲ್ಲಿಸಿ ಅವನ ಪಕ್ಕ ಕೂತೆ.