ಮಾದಪ್ಪನ ಹುಂಡಿಗೆ ಬಿದ್ದ ಸಾಕ್ಷಿ

ಕೌದಳ್ಳಿಯ ಪುಟ್ಟಮಾದಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಗರ್ಭಕೋಶ ತೆಗೆಸಿಕೊಂಡು ಬಂದ ಮೇಲೆ ಅನ್ನದ ಪಾತ್ರೆ ಎತ್ತಲು ಬಗ್ಗಿದರೆ ಸಾಕು, ಹೊಟ್ಟೆಯೊಳಗೆ ಏನೋ ಚುಚ್ಚುತ್ತಿತ್ತು. ಆಪರೇಷನ್ ಮಾಡಿದ ಖಾಸಗಿ ಆಸ್ಪತ್ರೆಗೆ ಹೋದಾಗಲೆಲ್ಲ ದೊಡ್ಡ ಡಾಕ್ಟರು ಮೊಬೈಲಿನಿಂದ ತಲೆ ಎತ್ತದೆ, "ನೋವು ಹೊಟ್ಟೇಲಿಲ್ಲಮ್ಮ, ನಿನ್ನ ಮನಸ್ಸಲ್ಲಿದೆ" ಎನ್ನುತ್ತಿದ್ದರು. ಆ ಮಾತು ಅವಳಿಗಿಂತ ಮೊದಲೇ ಬಸ್ಸು ಹತ್ತಿ ಊರು ಸೇರಿತ್ತು. ಜೊತೆಯ ಅಡುಗೆಯವಳು ಚಾಮುಂಡಮ್ಮ, "ಪಾತ್ರೆ ಎತ್ತು ಅಂದ್ರೆ ಇವಳ ಮನ್ಸು ನೋಯ್ತದ ಕನ್ರವ್ವ" ಎಂದು ನಗುತ್ತಿದ್ದಳು. ಪುಟ್ಟಮಾದಮ್ಮನಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬರುವ ಜಾಗವೇ ಮರಗಟ್ಟಿದಂತಿತ್ತು.

ಕೊನೆಗೆ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿ ಮತ್ತೆ ಕೊಯ್ಯಿಸಿಕೊಂಡಾಗ ಮೊದಲ ಆಪರೇಷನ್ನಿನಲ್ಲಿ ಒಳಗೇ ಉಳಿದಿದ್ದ ಇಕ್ಕಳದ ಮುರಿದ ತುದಿಯೊಂದು ಹೊರಬಂತು. ಅಲ್ಲಿನ ಡಾಕ್ಟರು ಅದನ್ನು ಸಣ್ಣ ಸೀಸೆಗೆ ಹಾಕಿಕೊಟ್ಟು, "ಜೋಪಾನವಾಗಿಡಿ" ಎಂದರು. ಗಂಡ ಚೆನ್ನಯ್ಯ ತನಗೆ ತಿಳಿದಂತೆ ಜೋಪಾನ ಮಾಡಿದ.

ಕೊಳ್ಳೇಗಾಲದ ವಕೀಲ ಮಹದೇವಪ್ರಸಾದರು ಕರೆಂಟು ಹೋದಾಗಲೂ ಕರಿಕೋಟು ಬಿಚ್ಚುವವರಲ್ಲ. ಎದುರಿಗೆ ಕೂತವರೆಲ್ಲ ಪಾಟೀಸವಾಲಿಗೇ ಬಂದವರೆಂದು ಅವರ ಎಣಿಕೆ. ಕಥೆಯೆಲ್ಲ ಕೇಳಿ, "ಎಲ್ಲಿ ಆ ತುಂಡು?" ಎಂದು ಕೈ ಚಾಚಿದರು.

"ಬೆಟ್ಟಕ್ಕೋಗಿ ಮಾದಪ್ಪನ ಹುಂಡಿಗಾಕ್ಬುಟ್ಟು ಬಂದ್ವಿ ಸಾ," ಎಂದ ಚೆನ್ನಯ್ಯ. "ಒಟ್ಟೆ ಒಳಗಿಂದ ಏನು ಬಂದ್ರೂ ನಿಂದೇ ಕನಪ್ಪ ಅಂತ ಅರಕೆ ಮಾಡ್ಕಂಡಿದ್ದೆ."

ವಕೀಲರು ಕನ್ನಡಕ ತೆಗೆದರು. "ಸಾಕ್ಷಿನ ಹುಂಡಿಗೆ ಹಾಕಿದ್ರಾ?"

"ಅಲ್ಲಿಗಿಂತ ಭದ್ರವಾದ ಜಾಗ ಇನ್ನೆಲ್ಲದ ಸಾ?"

"ಈಗ ನಾನು ಮಾದಪ್ಪಂಗೆ ಸಮನ್ಸ್ ಕಳಿಸ್ಲಾ?"

"ಕಳ್ಸಿ ಸಾ. ಕರುದ್ರೆ ಬರ್ದೇ ಇರೋ ದೇವ್ರಲ್ಲ."

ಹರಕೆ ಚೆನ್ನಯ್ಯನದು. ಸೀಸೆಯಿಂದ ತೆಗೆದು ಹುಂಡಿಗೆ ಹಾಕಿದವಳು ಪುಟ್ಟಮಾದಮ್ಮ. ಒಳಗೆ ಬಿದ್ದು ಠಣ್ ಎಂದ ಸದ್ದು ಕೇಳಿದಾಗಲೇ, ಅದು ಇದ್ದದ್ದು ನಿಜ ಎಂದು ಅವಳಿಗೆ ಖಾತ್ರಿಯಾದದ್ದು.

ವಕೀಲರು, ಎದುರಿಗೆ ಜಡ್ಜರು ಕೂತಿದ್ದಾರೇನೋ ಎಂಬಂತೆ ಗೋಡೆಯ ಕಡೆಗೆ ತಿರುಗಿ ಮಾತಾಡಿದರು. ಪೊಲೀಸರ ಬಳಿಗೆ ಹೋದರೆ ಅವರು ಮೊದಲು ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುತ್ತಾರೆ. ಚಾಮರಾಜನಗರದ ಗ್ರಾಹಕರ ಆಯೋಗವೇ ವಾಸಿ. ತಡ ಮಾಡಿದರೆ ವಾಯಿದೆ ಮುಗಿಯುತ್ತದೆ. ತುಂಡು ಹೋದರೆ ಹೋಯಿತು, ಮೈಸೂರಿನ ಸ್ಕ್ಯಾನು, ಆಪರೇಷನ್ ದಾಖಲೆ ರೋಗಿ ಕೇಳಿದರೆ ಕೊಡಲೇಬೇಕು.

ಗಂಡ ಹೆಂಡತಿ ಹೋಗಿ ಕೇಳಿದರು, ಮೈಸೂರಿನ ಆಸ್ಪತ್ರೆಯವರು ಕೊಟ್ಟರು. ಮುಂದಿನ ಸಲ ಹೋದಾಗ ದೂರು ಸಿದ್ಧವಿತ್ತು. ವಕೀಲರು ಎದ್ದು ನಿಂತು, ಕೆಳಗಿನ ಟೀ ಅಂಗಡಿಗೂ ಕೇಳುವಂತೆ ಓದಿದರು: "ಫಿರ್ಯಾದಿಯು ಅನುಭವಿಸಿದ ಮಾನಸಿಕ ಯಾತನೆಗೆ ಪರಿಹಾರವಾಗಿ..."

"ಅದ ತಗೀರಿ ಸಾ," ಎಂದಳು ಪುಟ್ಟಮಾದಮ್ಮ.

"ಯಾವುದನ್ನ?"

"ಮನಸಿಂದು ಅಂತ ಬರ್ದಿದ್ದೀರಲ್ಲ, ಅದ. ಆ ಡಾಕ್ಟ್ರೂ ಅದ್ನೇ ಏಳಿದ್ದು."

"ಅಯ್ಯೋ, ಎಲ್ಲಾ ಕೇಸಲ್ಲೂ ಹೀಗೇ ಬರೆಯೋದು ಕಣಮ್ಮ. ತೆಗೆದ್ರೆ ಸಿಗೋ ಪರಿಹಾರ ಕಮ್ಮಿಯಾಗುತ್ತೆ."

"ಸುಮ್ಕಿರಮ್ಮಿ, ಓದ್ದೋರ್ಗೆ ಗೊತ್ತಿರಾಕಿಲ್ವಾ?" ಎಂದು ಚೆನ್ನಯ್ಯ ಮೊಣಕೈಯಲ್ಲಿ ತಿವಿದ.

"ಕಮ್ಮಿಯಾಗ್ಲಿ. ನೋವು ಒಟ್ಟೇಲಿತ್ತು ಅಂತ ಬರೀರಿ ಸಾ."

ದನಿ ಏರಲಿಲ್ಲ, ಇಳಿಯಲಿಲ್ಲ. ಅನ್ನಕ್ಕೆ ಉಪ್ಪು ಸಾಲದು ಎನ್ನುವಂತೆ ಹೇಳಿದಳು. ವಕೀಲರು ಕೂತು, ಆ ಸಾಲಿನ ಮೇಲೆ ಗೆರೆ ಎಳೆದು, ಅವಳು ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆದರು. ತಿದ್ದಿದ ಕಡೆಯೂ ಸಹಿ ಬೇಕೆಂದರು.

ಪುಟ್ಟಮಾದಮ್ಮ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆದಳು.