ಬೀಗಿತ್ತಿ ಮುಂದಿನ ಸೀಟಿನಲ್ಲಿ ಕುಳಿತ ದಿನ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಸಂಡೂರಿನಲ್ಲಿ ನಮ್ಮ ಮಗಳು ಸಹನಾಳ ಕುಬಸ, ಅಂದರೆ ಸೀಮಂತ, ಇತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಕುಬಸ ಮುಗಿಸಿ ಅವಳನ್ನು ಕಂಪ್ಲಿಗೆ ಕರೆತರುವುದೆಂದು ಮಾತಾಗಿತ್ತು. ಅವಳಂತೂ ದಿನಾ ಫೋನ್ ಮಾಡಿ ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದಳು. ಬಸುರಿ ಹೆಂಗಸು, ರಾತ್ರಿ ನಿದ್ದೆಯೇ ಬರುತ್ತಿಲ್ಲ ಎಂದು ಅಳುತ್ತಿದ್ದಳು ಕೂಡ.

ಎಲ್ಲ ಸರಿ ಇತ್ತು, ನಮ್ಮ ಕಾರೊಂದನ್ನು ಬಿಟ್ಟು.

ನಮ್ಮ ಯಜಮಾನರಿಗೆ ಎಡ ಮೊಣಕಾಲು ಆಪರೇಷನ್ ಆಗಿದೆ. ಕ್ಲಚ್ ತುಳಿಯಲು ಆಗದೆಂದು ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಕೊಂಡಿದ್ದರು. ಅದರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಅಂತ ಒಂದು ಇರುತ್ತದಂತೆ, ಕ್ಲಚ್ಚಿನ ಕೆಲಸವನ್ನು ಅದೇ ಮಾಡುತ್ತದೆ. ಅದು ಕೆಟ್ಟಿತು. ಕಂಪನಿಯ ಸಾಮಾನು ಬರುವುದು ತಡವಾಗುತ್ತದೆ ಎಂದಾಗ ಇವರು ಹೊಸಪೇಟೆಯ ಗ್ಯಾರೇಜಿನಲ್ಲಿ ಬೇರೆ ಯಾವುದೋ ಕಂಪನಿಯದನ್ನು ಹಾಕಿಸಿಕೊಂಡು ಬಂದರು. ಅಂದಿನಿಂದ ಶುರುವಾಯಿತು ನೋಡಿ. ಓಡುವಾಗ ಗಾಡಿ ಬೆಣ್ಣೆ. ನಿಲ್ಲಿಸಿದರೆ ಮಾತ್ರ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ ಎಂಜಿನ್ ಬಂದ್. ಅದಕ್ಕೆ ಇವರು ಒಂದು ಉಪಾಯ ಕಂಡುಕೊಂಡಿದ್ದರು. ನಿಂತ ಕೂಡಲೇ ಗೇರನ್ನು ನ್ಯೂಟ್ರಲ್‌ಗೆ ತಂದು, ಆಕ್ಸಿಲರೇಟರ್ ಒತ್ತಿ ಗೊರ್ ಗೊರ್ ಅನ್ನಿಸುತ್ತಲೇ ಇರುವುದು. ಬಾಡಿಗೆ ಕಾರು ಮಾಡೋಣ ಎಂದು ನಾನು ಬಡಿದುಕೊಂಡೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ, ಮಗಳನ್ನು ಕರೆತರುವುದು ತಮ್ಮ ಗಾಡಿಯಲ್ಲೇ ಎಂದರು.

ಸಂಡೂರಿಗೇನೋ ಮುಟ್ಟಿದೆವು. ಬೀಗರ ಅಂಗಳದಲ್ಲಿ, ರಂಗೋಲಿಯ ಮುಂದೆ, ಎರಡೂ ಕಡೆಯ ನೆಂಟರು ನೋಡುತ್ತಿರುವಂತೆಯೇ ಗಾಡಿ ಜೋರಾಗಿ ಜಗ್ಗಿ ಬಂದ್ ಬಿತ್ತು. ಮತ್ತೆ ಚಾಲು ಮಾಡಿದರೆ ಮತ್ತೆ ಬಂದ್. ಅಳಿಯನ ತಾಯಿ ಗಂಗಮ್ಮನವರು ಬಾಗಿಲಲ್ಲೇ ನಿಂತಿದ್ದರು. ಖಡಕ್ ಹೆಂಗಸು, ಮುಖ ನೋಡಿ ಮಾತಾಡುವವರಲ್ಲ. ಗಾಡಿಯನ್ನೊಮ್ಮೆ, ನಮ್ಮವರನ್ನೊಮ್ಮೆ ನೋಡಿ ಒಳಗೆ ಹೋದರು. ಕುಬಸ ಮುಗಿದು, ಹಸಿರು ಸೀರೆ ಉಟ್ಟ ನನ್ನ ಮಗಳು ಹೊರಡುವ ಹೊತ್ತಿಗೆ ತಾವೂ ಒಂದು ಕೈಚೀಲ ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟರು.

"ನೋಡ್ರಿ ಬೀಗರ, ನಾನೂ ಬರ್ತೀನಿ," ಎಂದರು. "ನಡುದಾರ್ಯಾಗ ಒಂದ್ ಸಲ ಹಂಗ ಜಗ್ಗಿ ಬಂದ್ ಬಿತ್ತಂದ್ರ, ಅಲ್ಲಿಂದನ ಸೊಸಿನ ವಾಪಸ್ ಕರ್ಕೊಂಡು ಬರ್ತೀನಿ. ಹೆರಿಗಿ ಇಲ್ಲೇ ಆಗ್ತದ."

ಸಹನಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ಸಿಟ್ಟು ಬಂದದ್ದು ಬೀಗಿತ್ತಿಯ ಮೇಲಲ್ಲ, ನಮ್ಮವರ ಮೇಲೆ. ಅವರು ಬೆವರು ಒರೆಸಿಕೊಂಡು ಎಸಿ ಜೋರು ಮಾಡಿ, ಧೈರ್ಯಕ್ಕೆ ಹಾಡು ಬೇರೆ ಹಚ್ಚಿ, ಗಾಡಿ ಬಿಟ್ಟರು.

ಅದಿರಿನ ಲಾರಿಗಳ ಹಿಂದೆ ಹೊಸಪೇಟೆಯವರೆಗೆ ನಿಲ್ಲದೆ ಬಂದೆವು. ಅಲ್ಲಿ ರೈಲ್ವೆ ಗೇಟು ಹಾಕಿತ್ತು. ಇವರು ಗೊರ್ ಗೊರ್ ಶುರು ಮಾಡಿದರು. ಯಾಕೆ ಹಾಗೆ ಒದರಿಸುತ್ತೀರಿ ಎಂದು ಗಂಗಮ್ಮನವರು ಕೇಳಿದ್ದಕ್ಕೆ, ಎಂಜಿನ್ ಬಿಸಿ ಇರಲಿ ಅಂತ ಎಂದು ಸುಳ್ಳು ಹೇಳಿದರು. ಊರೆಲ್ಲ ಉರಿಯುವ ಬಿಸಿಲು! ನಗು ತಡೆಯಲು ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಗೇಟು ತೆರೆಯಿತು, ಬಚಾವಾದೆವು.

ಕಮಲಾಪುರ ದಾಟಿದ ಮೇಲೆ ಸಹನಾಳ ಕೈ ಸಡಿಲವಾಯಿತು. ನೋಡಿದರೆ, ನನ್ನ ತೊಡೆಯ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಾಳೆ. ಬಾಯಿ ತೆರೆದುಕೊಂಡು, ಚಿಕ್ಕಂದಿನಲ್ಲಿ ಮಲಗುತ್ತಿದ್ದ ಹಾಗೆಯೇ.

ಬುಕ್ಕಸಾಗರದ ಹತ್ತಿರ ಬಂದಾಗ ಭತ್ತ ಕೊಯ್ಯುವ ದೊಡ್ಡ ಮಷಿನ್ನೊಂದು ಗದ್ದೆಯಿಂದ ರಸ್ತೆಗೆ ಹತ್ತಲು ಹೋಗಿ ಅಡ್ಡಡ್ಡ ಸಿಕ್ಕಿಹಾಕಿಕೊಂಡಿತ್ತು. ಹಿಂದೆ ಮುಂದೆ ಟ್ರ್ಯಾಕ್ಟರುಗಳು. ಇವರು ಗೇರು ತೆಗೆದು ಮತ್ತೆ ಗೊರ್ ಅನ್ನಿಸಿದ್ದೇ ತಡ, ಗಂಗಮ್ಮನವರು ಹಿಂದೆ ತಿರುಗಿ ಸೊಸೆಯನ್ನು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಗದರಿದರು.

"ಹುಡುಗಿ ಮಲಗ್ಯಾಳ, ಒದರಸಬ್ಯಾಡ್ರಿ. ಕಾಲು ತೆಗೀರಿ."

ತೆಗೆದರೆ ಬಂದ್ ಬೀಳುತ್ತದೆ ಎಂದು ಹೇಳುವ ಹಾಗಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು ನಮ್ಮವರ ಸ್ಥಿತಿ. ಅಷ್ಟು ಸಾಲದೆಂದು ಬೀಗಿತ್ತಿ ತಾವೇ ಕೈ ಚಾಚಿ ಹಾಡು ನಿಲ್ಲಿಸಿದರು. ಬಸುರಿಗೆ ಥಂಡಿ ಆಗುತ್ತದೆಂದು ಎಸಿಯನ್ನೂ ಬಂದ್ ಮಾಡಿಸಿ ಕಿಟಕಿ ಇಳಿಸಿದರು. ಇವರು ಕಣ್ಣು ಮುಚ್ಚಿ ಕಾಲು ತೆಗೆದರು.

ಗಾಡಿ ನಡುಗಿತು. ಎಂಜಿನ್ ತಿರುಗುವ ವೇಗ ತೋರಿಸುವ ಮುಂದಿನ ಮುಳ್ಳು ಬುಡಕ್ಕೆ ಬಿದ್ದು, ಎದ್ದು, ಮತ್ತೆ ಬಿತ್ತು. ನಾನು ಹಂಪಿಯ ವಿರೂಪಾಕ್ಷನಿಗೆ ಹಣ್ಣುಕಾಯಿ ಹರಕೆ ಹೊತ್ತೆ. ಹಾಗೇ ಕುಳಿತೆವು. ಹೊರಗೆ ಮಷಿನ್ನಿನವನೂ ಟ್ರ್ಯಾಕ್ಟರಿನವರೂ ಕೂಗಾಡುತ್ತಿದ್ದರು, ಹಸಿ ಹುಲ್ಲಿನ ವಾಸನೆ ಬರುತ್ತಿತ್ತು. ಎಷ್ಟು ಹೊತ್ತಾಯಿತೋ, ನಡುಕ ಕಡಿಮೆಯಾದದ್ದು ನನ್ನ ಗಮನಕ್ಕೇ ಬರಲಿಲ್ಲ. ನಮ್ಮವರು ಮೆಲ್ಲಗೆ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಮುಳ್ಳು ನಿಂತಲ್ಲೇ ನಿಂತಿತ್ತು.

ಸಾಲು ಸ್ವಲ್ಪ ಸರಿಯಿತು. ಗೇರು ಹಾಕಿ ಬ್ರೇಕಿನ ಮೇಲೆ ನಿಲ್ಲಿಸಿದರು. ಒಂದು ಸಲ ಮೈ ಝಾಡಿಸಿತು ಗಾಡಿ, ಬಂದ್ ಬೀಳಲಿಲ್ಲ! ಮತ್ತೆ ಸರಿದೆವು, ಮತ್ತೆ ನಿಂತೆವು. ಈಗ ಅದೂ ಇಲ್ಲ. ಕಂಪ್ಲಿ ಮುಟ್ಟುವವರೆಗೂ ಈ ಮನುಷ್ಯ ಬೇಕಂತಲೇ ಅಲ್ಲಲ್ಲಿ ನಿಲ್ಲಿಸಿ ನೋಡುತ್ತಾ, ಒಳಗೊಳಗೇ ನಗುತ್ತಾ ಬಂದರು. ಬಾಗಿಲಲ್ಲಿ ಆರತಿ ಎತ್ತುವಾಗ ಅವರ ಮುಖ ನೋಡಿದ್ದರೆ ಕುಬಸ ಅವರಿಗೇ ಆಗಿದೆ ಅನ್ನಬೇಕು.

ಮರುದಿನ ಗ್ಯಾರೇಜಿನವನಿಗೆ ಫೋನ್ ಹಚ್ಚಿದರೆ ಅವನು ನಕ್ಕುಬಿಟ್ಟ. ಕನ್ವರ್ಟರ್ ಹಾಕುವಾಗ ಬ್ಯಾಟರಿ ಬಿಚ್ಚಿದ್ದನಂತೆ. ಹಾಗೆ ಬಿಚ್ಚಿದರೆ, ನಿಂತಾಗ ಎಂಜಿನ್ ಎಷ್ಟು ಜೋರಾಗಿ ತಿರುಗಬೇಕೆಂಬುದನ್ನು ಗಾಡಿ ಮರೆತುಬಿಡುತ್ತದಂತೆ, ಹೊಸ ಕನ್ವರ್ಟರಿನ ಭಾರ ಬೇರೆ. ಎಸಿ, ಹಾಡು ಏನೂ ಇಲ್ಲದೆ, ಕಾಲಿಡದೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ತಾನೇ ಮತ್ತೆ ಕಲಿಯುತ್ತದಂತೆ. ಅದನ್ನು ಹೇಳಲು ಅವನು ಮರೆತಿದ್ದ. ನಾವೋ, ಬಂದ್ ಬಿದ್ದೀತೆಂಬ ಹೆದರಿಕೆಗೆ ಒಂದು ಗಳಿಗೆಯೂ ಬಿಟ್ಟಿರಲಿಲ್ಲ.

ಗಂಗಮ್ಮನವರು ಊರಿಗೆ ಹೊರಡುವ ಮುನ್ನ, ಅಡುಗೆಮನೆಯಲ್ಲಿ ಅವರ ಮುಂದೆ ನಾನೇ ಎಲ್ಲ ಹೇಳಿಬಿಟ್ಟೆ. ಒಂದು ವೇಳೆ ನಿಜವಾಗಿ ಬಂದ್ ಬಿದ್ದಿದ್ದರೆ ಕರೆದುಕೊಂಡು ಹೋಗುತ್ತಿದ್ದಿರಾ ಎಂದೂ ಕೇಳಿದೆ.

ಅವರು ಚಹಾದ ಕಪ್ಪು ಕೆಳಗಿಟ್ಟರು. "ಸಂಡೂರಿಂದ ಹೊರಟಾಗ ಕರ್ಕೊಂಡು ಹೋಗೇಬಿಡ್ತಿದ್ದೆ ಅಕ್ಕಾರ. ಅಕಿ ಮಲಗಿದ್ದು ನೋಡಿದ ಮ್ಯಾಲ ಇಲ್ಲ. ನಮ್ಮನ್ಯಾಗ ಬರಲಾರದ ನಿದ್ದಿ ತವರ ದಾರ್ಯಾಗ ಬಂತು. ಇನ್ನ ಹೆಂಗ ಹೊಳ್ಳಿಸಿಕೊಂಡು ಹೋಗ್ಲಿ?"

ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರೂ ಕಣ್ಣೊರೆಸಿಕೊಂಡು, ಹೊಗೆ ಹೊಗೆ ಎಂದರು. ನಮ್ಮ ಮನೆಯಲ್ಲಿರುವುದು ಗ್ಯಾಸ್ ಒಲೆ.

ಮೊಮ್ಮಗಳು ಹುಟ್ಟಿದಳು. ಈಗ ಗೋಡೆ ಹಿಡಿದು ನಿಲ್ಲುತ್ತಾಳೆ, ಕೈ ಬಿಟ್ಟರೆ ಗಡಗಡ ನಡುಗುತ್ತಾಳೆ. ಬಿದ್ದಾಳೆಂದು ನಾನು ಓಡುತ್ತೇನೆ. ಆಗ ನಮ್ಮವರು ಕುಳಿತಲ್ಲಿಂದಲೇ ಬೀಗಿತ್ತಿಯ ದನಿ ತೆಗೆದು, "ಕಾಲು ತೆಗೀರಿ" ಎನ್ನುತ್ತಾರೆ. ನಾನು ನಿಂತುಬಿಡುತ್ತೇನೆ. ಚಾಚಿದ ಕೈ ಚಾಚಿದಂತೆಯೇ ಇರುತ್ತದೆ, ಆದರೂ ನಿಲ್ಲುತ್ತೇನೆ. ಮೊನ್ನೆ ಅವಳು ಗೋಡೆ ಬಿಟ್ಟು, ನಡುಗಿ, ಹಾಗೇ ನಿಂತಳು.