ದೇವರ ಜಗಲಿ ಸೇರಿದ ನಾಯಿಯ ಬಿಲ್ಲೆ

"ಗಾಡಿ ನಿಂದರ್ಸೋ, ಅದು ನಮ್ಮ ನಾಯಿ ಐತಿ!" ಎಂದು ಕೂಗುತ್ತ ಸೋದರಮಾವ ಶಿಗ್ಗಾವಿ ಪೇಟೆಯಲ್ಲಿ ನಾಯಿ ಹಿಡಿಯುವ ಬೋನಿನ ಗಾಡಿಯ ಹಿಂದೆ ಓಡಿದರು. ಕೊರಳಲ್ಲಿ ಸರಕಾರದ ಪರವಾನಗಿ ಬಿಲ್ಲೆಯಿಲ್ಲದ ನಾಯಿಗೆ ಸಂಜೆಯೊಳಗೆ ಸಾವು ಖಾತ್ರಿ. ಅಂದು ಹಗ್ಗ ಹರಿದುಕೊಂಡು ಬೀದಿಗೆ ಕಾಲಿಟ್ಟೊಡನೆ ಸಿಕ್ಕಿಬಿದ್ದ ನಮ್ಮ ನಾಯಿಯ ಬಿಲ್ಲೆ ಮಾವನ ಕೈಯಲ್ಲಿತ್ತು. ಯುದ್ಧದ ಕಾಲ, ಹಿತ್ತಾಳೆಗೆ ಬರ; ಸರಕಾರ ಕೊಟ್ಟ ಹಿತ್ತಾಳೆ ಸವೆದೀತೆಂದು ಅದನ್ನು ದೇವರ ಜಗಲಿಯ ಮೇಲಿಟ್ಟು ದಿನಾ ಕುಂಕುಮ ಏರಿಸುತ್ತಿದ್ದ ಪುಣ್ಯಾತ್ಮರು ಅವರು.

ಗಾಡಿಯ ಜವಾನ ಬಿಲ್ಲೆಯ ಕುಂಕುಮ ಒರೆಸಿ ನೋಡಿದ. "ಗೌಡ್ರ, ಇದನ್ನ ನಾಯಿ ಕೊಳ್ಳಾಗ ಕಟ್ಟಬೇಕ್ರಿ. ಪೂಜಿ ಮಾಡಾಕ ಕೊಟ್ಟಿಲ್ಲ."

ಬೋನಿನ ಬಾಗಿಲು ತೆರೆದರೂ ನಾಯಿ ಇಳಿಯಲಿಲ್ಲ. ಮಾವ ಕರೆದಷ್ಟೂ ಮೂಲೆಗೆ ಸರಿಯಿತು.

ಅದರದೇನು ತಪ್ಪು? ಮರಿಯಿದ್ದಾಗಿನಿಂದ ಹಿತ್ತಲಿನಲ್ಲಿ ಮಾವ ಕಟ್ಟಿಹಾಕಿದ ಕಂಬ ಬಿಟ್ಟು ಬೇರೇನೂ ಕಾಣದ ಅದಕ್ಕೆ ಊರು ತೋರಿಸಿದವನು, ಕೊಲ್ಲಲು ಒಯ್ಯುತ್ತಿದ್ದ ಆ ಜವಾನನೊಬ್ಬನೇ.